ಕೊಂಬಿನ ಪಾಠ

ಕುದುರೆಮಸಾಲೆ ಎಂಬ ಮೇವಿನ ಸೊಪ್ಪಿನ ಹಸಿ ವಾಸನೆ ಎಲ್ಲಿ ಬಂದರೂ ನನಗೆ ಬಹ್ರೇನ್‌ನ ಗುದೈಬಿಯಾದಲ್ಲಿದ್ದ ನಮ್ಮ ಎರಡು ಕೋಣೆಯ ಮನೆ ನೆನಪಾಗುತ್ತದೆ. ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಅಪ್ಪನ ಅಂಗಿಗೆ ಅದೇ ವಾಸನೆ; ಅಮ್ಮ ಎಷ್ಟು ಒಗೆದರೂ ಹೋಗುತ್ತಿರಲಿಲ್ಲ. ಊರಿನವರೆಲ್ಲ ಹೋಟೆಲು, ಗ್ಯಾರೇಜು ಎಂದು ದುಡಿಯುವಾಗ ಅಪ್ಪನಿಗೆ ಸಿಕ್ಕಿದ್ದು ಮರಳುಗಾಡಿನಲ್ಲಿ ಬೇಲಿ ಹಾಕಿ ಜಿಂಕೆ ಸಾಕಿದ್ದ ಒಬ್ಬ ಅರಬ್ ಯಜಮಾನರ ಕೆಲಸ. ಮೇವು ಹಾಕುವುದು, ನೀರಿನ ಪಂಪು ನೋಡುವುದು. ಅಲ್ಲಿನ ಹಿರಿಯ ಕಾವಲುಗಾರ ಮುಹರ್ರಕ್ ಊರಿನ ಸಾಲಂ ಚಾಚಾ, ನಮಗಿಂತ ಚೆನ್ನಾಗಿ ಹಿಂದಿ ಮಾತಾಡುವ ಅರಬ. ಶುಕ್ರವಾರ ನಾನೂ ಹೋಗುತ್ತಿದ್ದೆ. ಚಾಚಾನ ಪಕ್ಕ ಕೂತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ.

ವರ್ಷಕ್ಕೊಮ್ಮೆ, ಚಳಿ ಮುಗಿಯುವಾಗ, ಯಜಮಾನರ ನೆಂಟರು ಕೋವಿ ಹಿಡಿದು ಬರುತ್ತಿದ್ದರು. ಮೇವಿಗೆ ಮೀರಿ ಹೆಚ್ಚಾದ ಮುದಿ ಗಂಡುಗಳನ್ನು ಮಾತ್ರ ಹೊಡೆಯಬೇಕೆಂಬುದು ಅಲ್ಲಿನ ಕಟ್ಟಳೆ. ಅದಕ್ಕೆ ಮೊದಲು ಒಂದಿಡೀ ದಿನ ಚಾಚಾ ಅವರ ಕೈಗೆ ದುರ್ಬೀನು ಕೊಟ್ಟು ಮರಳಿನ ಮೇಲೆ ಕೂರಿಸುತ್ತಿದ್ದರಂತೆ. ಈ ಜಾತಿಯಲ್ಲಿ ಹೆಣ್ಣಿಗೂ ಕೊಂಬುಂಟು. ದಪ್ಪ, ಬಳೆ ಬಳೆಯಾದ ಕೊಂಬು ಗಂಡಿನದು, ಸಪೂರದ್ದು ಹೆಣ್ಣಿನದು. ತಪ್ಪಿಲ್ಲದೆ ಗುರುತಿಸಿದವನಿಗೇ ಮರುದಿನ ಕೋವಿ, ಅವನು ಎಷ್ಟು ದೊಡ್ಡ ಮನುಷ್ಯನಾದರೂ ಸರಿಯೇ. ಶುಕ್ರವಾರಗಳಲ್ಲಿ ನಾನು ಅದನ್ನು ಬಾಯಿಪಾಠ ಮಾಡಿಬಿಟ್ಟಿದ್ದೆ. ಅಪ್ಪ ಮಾತ್ರ ಆ ಪಾಠಕ್ಕೆ ಕೂರಲಿಲ್ಲ. ಕೆಲಸಕ್ಕೆ ಸೇರಿ ವರ್ಷ ತುಂಬಿರಲಿಲ್ಲ, ಜಿಂಕೆ ಮರಿ ಹಾಕುವುದನ್ನೂ ಅಲ್ಲಿ ಕಂಡಿರಲಿಲ್ಲ. ಆದರೆ ಘಟ್ಟದ ಕಾಡಿನಲ್ಲಿ ಬೇಟೆಯಾಡಿದವರಲ್ಲವೇ! ನಮ್ಮ ಕಡವೆ, ಚುಕ್ಕೆಜಿಂಕೆಗಳಲ್ಲಿ ಹೆಣ್ಣಿಗೆ ಕೊಂಬಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಆ ವರ್ಷ ನೆಂಟರು ಬರುವ ವಾರವೇ ಚಾಚಾ ಜ್ವರದಿಂದ ಆಸ್ಪತ್ರೆ ಸೇರಿದರು. ಪಾಠ ಅಪ್ಪನ ಪಾಲಿಗೆ ಬಂತು. ಚಾಚಾ ಕಲಿಸಿದ್ದನ್ನೆಲ್ಲ ನಾನು ಹಿಂದಿನ ದಿನವೇ ಅಪ್ಪನಿಗೆ ಒಪ್ಪಿಸಿದೆ.

"ಕೊಂಬಿದ್ದದ್ದು ಗಂಡು. ಮಕ್ಕಳು ನಂಗೆ ಕಲಿಸುದು ಬೇಡ," ಅಂದರು ಅಪ್ಪ.

ಆ ಸಲ ಬಂದ ನೆಂಟರು ಹೊಸಬರು; ಅವರಿಗೂ ಅಷ್ಟೇ ಹೇಳಿದರು. ಐದು ನಿಮಿಷದಲ್ಲಿ ಪಾಠ ಮುಗಿದದ್ದು ಅವರಿಗೆ ಬಹಳ ಇಷ್ಟವಾಯಿತು. ನಾಲ್ಕು ಜಿಂಕೆ ಬಿದ್ದವು. ಮೂರು ಹೆಣ್ಣು, ಮೂರೂ ಗಬ್ಬ. ಒಂದರ ಹೊಟ್ಟೆ ಸೀಳಿದಾಗ ಎರಡು ಮರಿಗಳಿದ್ದವು, ಗೊರಸು ಇನ್ನೂ ಮೆತ್ತಗೆ. ಯಜಮಾನರು ಬಂದು, ಇದು ಯಾರ ಪಾಠ ಎಂದು ಕೇಳಿದರು. ಅಪ್ಪ ನೆಲ ನೋಡುತ್ತ, ಸಾಲಂ ಚಾಚಾ ಹೇಳಿಕೊಟ್ಟದ್ದು ಅಂದುಬಿಟ್ಟರು. ನಿಜ ಹೇಳಿದ್ದರೆ ವೀಸಾ ರದ್ದಾಗಿ ನಾವೆಲ್ಲ ಊರಿಗೆ ವಿಮಾನ ಹತ್ತಬೇಕಿತ್ತು. ಈಗ ನನಗೆ ಅರ್ಥವಾಗುತ್ತದೆ. ಅರ್ಥವಾಗಿ ಏನು ಬಂತು? ಮುದುಕನಿಗೆ ಮರೆವು ಹತ್ತಿತೆಂದು ಚಾಚಾನನ್ನು ಆಸ್ಪತ್ರೆಯಿಂದಲೇ ಮನೆಗೆ ಕಳಿಸಿದರು. ಪಾಠವೂ ನಿಂತಿತು. ಮುಂದಿನ ವರ್ಷದಿಂದ ಬಂದವರು ಕಂಡದ್ದನ್ನು ಹೊಡೆದರು. ಆ ಹೊತ್ತಿಗೆ ಅಪ್ಪನಿಗೆ ಗಂಡು ಹೆಣ್ಣಿನ ಗುರುತು ಚೆನ್ನಾಗಿ ಗೊತ್ತಿತ್ತು. ಆದರೆ ಬಾಯಿ ಬಿಟ್ಟರೆ ಹಳೆಯ ಸುಳ್ಳು ಹೊರಬರುತ್ತದಲ್ಲ. ಊಟದ ಹೊತ್ತಿನಲ್ಲಿ ಹೇಳುತ್ತಿದ್ದ ಬೇಟೆಯ ಕಥೆಗಳೂ ನಿಂತವು. ಅಮ್ಮ ಕಾರಣ ಕೇಳಿ ಕೇಳಿ ಸುಮ್ಮನಾದಳು.

ಎಂಬತ್ತರ ದಶಕದ ನಡುವೆ ನಾವು ಬಹ್ರೇನ್ ಬಿಟ್ಟಾಗ ಆ ಬೇಲಿಯೊಳಗೆ ಒಂದು ಜಿಂಕೆಯೂ ಇರಲಿಲ್ಲ. ಹೊರಡುವ ಮೊದಲು ಅಪ್ಪ ನನ್ನನ್ನು ಮುಹರ್ರಕ್‌ಗೆ ಕರೆದೊಯ್ದರು. ಚಾಚಾನ ಕಣ್ಣು ಮಂಜಾಗಿತ್ತು. ವಯಸ್ಸಾಯಿತೆಂದು ತನ್ನನ್ನು ಬಿಡಿಸಿದರು ಎಂದೇ ಪಾಪ ಅವರು ನಂಬಿದ್ದರು. ಈ ಸಲ ಮರಿ ಎಷ್ಟಾದವು ಎಂದು ಕೇಳಿದರು. ಬೇಲಿ ಸಾಲದಷ್ಟು ಎಂದರು ಅಪ್ಪ. ಚಾಚಾನ ಮುಖ ಅರಳಿತು.

"ಪಾಠ ಈಗ ಯಾರು ಮಾಡ್ತಾರೆ?"

ಅಪ್ಪ ಎದ್ದು ಚಪ್ಪಲಿ ಮೆಟ್ಟಿದರು.

"ನಾನು ಮಾಡ್ತೇನೆ ಚಾಚಾ," ಅಂದೆ. ಅವರು ತಡಕಾಡಿ ನನ್ನ ತಲೆ ಮುಟ್ಟಿ ಹರಸಿದರು.