ದಾಸಿ ತಿಂದ ತುತ್ತು

ಆಗ ನನಗೆ ಐವತ್ತೆಂಟು. ಹದಿನೇಳು ವರ್ಷದ ಹಿಂದಿನ ಮಾತು. ಗಜೇಂದ್ರಗಡಕ್ಕೆ ಎರಡನೆಯ ಸಂಬಂಧಕ್ಕೆ ಕೊಟ್ಟ ಮಗಳು ಬಸುರಿ. ನೋಡಲು ಹೊರಟವಳು ರೋಣದ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕುಳಿತೆ. ಟಿವಿಯಲ್ಲಿ ಚೀನಾದ ಹಳೆಯ ಅರಮನೆಯ ಸಿನಿಮಾ. ಬಸುರಿ ರಾಣಿಯ ತಟ್ಟೆಯಿಂದ ದಾಸಿ ಮೊದಲು ಒಂದು ತುತ್ತು ತಿಂದಳು.

“ಅಕಿ ಯಾಕ ತಿಂದ್ಳೋ?” ಎಂದು ಅಂಗಡಿಯ ಖಾದರಸಾಬನನ್ನು ಕೇಳಿದೆ.

“ಹಿರೇ ರಾಣಿ ವಿಷಾ ಹಾಕಿರ್ತಾಳಂತ್ರಿ ಅವ್ವಾ. ಕಿರಿಯಾಕಿಗೆ ಗಂಡು ಹುಟ್ಟಿದ್ರ ಇಕಿನ್ನ ಯಾರು ಕೇಳ್ತಾರ?”

“ದಾಸಿ ಸತ್ತರ?”

“ಮತ್ತೊಬ್ಬಾಕಿ ಬರ್ತಾಳ್ರಿ. ನೀವ್ಯಾಕ ಬೆವತೀರಿ? ನೀವೇನ ರಾಣಿಯೇನ್ರಿ?”

ಅರ್ಧ ಕುಡಿದ ಚಹಾ ಅಲ್ಲೇ ಬಿಟ್ಟು ಎದ್ದೆ. ಮಗಳ ಸವತಿಗೆ ಮಕ್ಕಳಿಲ್ಲ. ಅಡುಗೆಮನೆ ಪೂರಾ ಅವಳದೇ.

ಮರುದಿನ ಬೆಳಿಗ್ಗೆ ಸವತಿ ನಗುತ್ತ ಮಗಳ ಮುಂದೆ ಉಪ್ಪಿಟ್ಟಿನ ತಟ್ಟೆ ಇಟ್ಟಳು. ಅದನ್ನು ನನ್ನ ಕಡೆ ಎಳೆದುಕೊಂಡು ಮೊದಲ ತುತ್ತು ನಾನು ನುಂಗಿದೆ.