ನೆಲಮಾಳಿಗೆಗೆ ಬಂದ ಎದೆಬಡಿತ

ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ರಾತ್ರಿ ಪಾಳಿಯ ದಾದಿಯರು ಕಣ್ಣುಜ್ಜಿಕೊಳ್ಳುತ್ತ ಆಸ್ಪತ್ರೆಯ ಮುಂಬಾಗಿಲಿನಿಂದ ಹೊರಬೀಳುತ್ತಿರುವಾಗ ಹೆಂಗಸೊಬ್ಬರು ಸ್ವೆಟರಿನ ಗುಂಡಿ ಹಾಕಿಕೊಳ್ಳುತ್ತ ಹಿಂಬದಿಯ ಮೆಟ್ಟಿಲಿಳಿಯುತ್ತಿದ್ದಾರೆ. ಹೊರಗೆ ಸೆಕೆ. ಕೆಳಗಿನ ಬಾಗಿಲು ತೆರೆದೊಡನೆ ಚಳಿ ಮುಖಕ್ಕೆ ರಾಚುತ್ತದೆ. ಆಳೆತ್ತರದ ಕಪ್ಪು ಕಪಾಟುಗಳು ಸಾಲಾಗಿ ನಿಂತಿವೆ. ಒಳಗೆ ಇಟ್ಟಿಗೆಗಳ ಹಾಗೆ ಪೇರಿಸಿದ ಡಿಸ್ಕುಗಳು, ಪ್ರತಿ ಡಿಸ್ಕಿಗೂ ಒಂದು ಹಸಿರು ದೀಪ. ಕೋಣೆಯಲ್ಲಿ ಬೇರೆ ನರಪಿಳ್ಳೆಯಿಲ್ಲ. ಆದರೂ ದೀಪಗಳು ಮಿಟುಕುತ್ತಿವೆ. ಒಂದು ಸಾಲು ಸುಮ್ಮನಾದರೆ ಇನ್ನೊಂದು, ಕತ್ತಲಲ್ಲಿ ಯಾರೋ ಯಾರ ಕಿವಿಯಲ್ಲೋ ಪಿಸುಗುಟ್ಟುತ್ತಿರುವ ಹಾಗೆ.

"ಮೇಲೆ ಯಾರಿಗೋ ತಲೆ ಸ್ಕ್ಯಾನ್ ಆಗ್ತಿದೆ," ಎನ್ನುತ್ತಾರೆ ಆಕೆ, ಮೂಲೆಯ ಕಪಾಟಿನತ್ತ ಕೈತೋರಿಸಿ. "ಅದಕ್ಕೇ ಅದು ಅಷ್ಟು ಜೋರಾಗಿ ಮಿಟುಕ್ತಿರೋದು. ಯಾರು, ಏನು ಅಂತ ಗೊತ್ತಾಗಲ್ಲ. ನನಗೆ ಕಾಣೋದು ದೀಪ ಅಷ್ಟೇ."

ಕಪಾಟಿನ ಬೆನ್ನಿಗೆ ಅಂಗೈ ಇಟ್ಟು ಕಾವು ನೋಡುತ್ತಾರೆ. ತಲೆ ವಾಲಿಸಿ ಫ್ಯಾನುಗಳ ಸದ್ದಿಗೆ ಕಿವಿಗೊಡುತ್ತಾರೆ. ಆಮೇಲೆ ಕಂಪ್ಯೂಟರಿನ ಮುಂದೆ ಕುಳಿತು, ಡಿಸ್ಕು ಎಷ್ಟು ತುಂಬಿದೆಯೆಂದು ತೋರಿಸುತ್ತ ಏರುತ್ತಿರುವ ಗೆರೆಗಳನ್ನು ಒಂದೊಂದಾಗಿ ದಿಟ್ಟಿಸುತ್ತಾರೆ.

ಇಡೀ ಆಸ್ಪತ್ರೆಗೆ ಅವರು ಗೋದಾಮಿನಕ್ಕ. ದಿನಕ್ಕೆ ಸಾವಿರಕ್ಕೂ ಹೆಚ್ಚು ಸ್ಕ್ಯಾನು, ಅದರ ದುಪ್ಪಟ್ಟು ರಕ್ತಪರೀಕ್ಷೆ, ಹಾಸಿಗೆ ಪಕ್ಕದ ಮಾನಿಟರುಗಳು ಬಿಡುವಿಲ್ಲದೆ ಗೀಚುವ ಎದೆಬಡಿತ, ಎಲ್ಲವೂ ಕೇಬಲ್ಲು ಹಿಡಿದು ಕೆಳಗಿಳಿದು ಈ ಡಿಸ್ಕುಗಳಲ್ಲಿ ತಂಗುತ್ತವೆ. ಯಾವುದು ಎಷ್ಟು ಬೇಗ ಬೆಳೆಯುತ್ತಿದೆ, ಇರುವ ಜಾಗ ಎಲ್ಲಿಯವರೆಗೆ ಸಾಲುತ್ತದೆ, ಹೊಸ ಡಿಸ್ಕು ಯಾವಾಗ ತರಿಸಬೇಕು ಎಂದು ಮೊದಲೇ ಅಂದಾಜು ಹಾಕುವುದು ಅವರ ಕೆಲಸ. ಅಂದಾಜು ಸರಿಹೋದರೆ ಅವರೊಬ್ಬರು ಇದ್ದಾರೆಂದೇ ಯಾರಿಗೂ ತಿಳಿಯುವುದಿಲ್ಲ.

"ಡಿಸ್ಕು ಕೇಳಿದ ತಕ್ಷಣ ಬರಲ್ಲ. ಆರ್ಡರ್ ಕೊಟ್ಟು ತಿಂಗಳುಗಟ್ಟಲೆ ಕಾಯ್ಬೇಕು. ನಾಳೆ ಬರೋ ಕಾಯಿಲೆಗೆ ಇವತ್ತೇ ಜಾಗ ಮಾಡಿಡ್ಬೇಕು. ಹೊಸ ಸ್ಕ್ಯಾನ್ ಮಷೀನು ಬಂತು ಅಂದ್ರೆ ಡಾಕ್ಟರುಗಳಿಗೆಲ್ಲ ಖುಷಿ, ನನ್ನ ತಲೇಲಿ ಹುಳ."

ಅವರ ಅಪ್ಪ ಉಗ್ರಾಣವೊಂದರ ಮೇಸ್ತ್ರಿ. ಕಣ್ಣಳತೆಯಲ್ಲೇ ಎಷ್ಟು ಚೀಲ ಹಿಡಿಯುತ್ತದೆಂದು ಹೇಳುತ್ತಿದ್ದರಂತೆ. ಮಗಳು ಕಂಪ್ಯೂಟರ್ ಡಿಪ್ಲೊಮಾ ಮುಗಿಸಿ, ಇದೇ ಆಸ್ಪತ್ರೆಯ ದಾಖಲಾತಿ ಕೌಂಟರಿನಲ್ಲಿ ಹೆಸರು ಟೈಪು ಮಾಡುತ್ತಿದ್ದವರು, ಕೆಳಗಿನ ಕೆಲಸಕ್ಕೆ ಯಾರೂ ನಿಲ್ಲುತ್ತಿಲ್ಲ ಎಂದಾಗ ಕೈಯೆತ್ತಿದರು. ಹೊಸತರಲ್ಲಿ ಒಮ್ಮೆ ಅಂದಾಜು ತಪ್ಪಿತು. ಜಾಗ ತುಂಬಿ ಸ್ಕ್ಯಾನುಗಳು ನಿಂತವು. ಅಪಘಾತದಲ್ಲಿ ಗಾಯಗೊಂಡ ಹುಡುಗಿಯೊಬ್ಬಳು ಸ್ಟ್ರೆಚರಿನ ಮೇಲೆ ಕಾಯಬೇಕಾಯಿತು. ಹುಡುಗಿ ಉಳಿದಳು. "ಅವಳ ತಾಯಿ ನನ್ನನ್ನ ಬೈಲಿಲ್ಲ. ನಾನು ಯಾರು ಅಂತ ಅವರಿಗೆ ಗೊತ್ತೇ ಇರಲಿಲ್ಲ. ಬೈದಿದ್ರೆ ನಿದ್ದೆ ಬರ್ತಿತ್ತು," ಎನ್ನುತ್ತಾರೆ.

ಚಳಿಗೆ ಗಂಟು ನೋವು, ಸದ್ದಿಗೆ ಕಿವಿಯೊಳಗೆ ಸದಾ ಒಂದು ಗುಂಯ್. ಬೇಸಿಗೆಯಲ್ಲೂ ಸ್ವೆಟರ್ ಹಾಕಿಕೊಂಡು ಹೊರಡುವ ಸೊಸೆ ಬೀದಿಗೆಲ್ಲ ಇವಳೊಬ್ಬಳೇ ಎಂದು ಅತ್ತೆಯ ಚೇಷ್ಟೆ. ಶಾಲೆಯಲ್ಲಿ ತಾಯಿಯ ಕೆಲಸ ಕೇಳಿದಾಗ ಇವರ ಮಗಳು ಎದ್ದುನಿಂತು ಹೇಳಿದ್ದು: "ನಮ್ಮಮ್ಮ ಖಾಲಿ ಜಾಗ ಕಾಯ್ತಾಳೆ."

ಈಗ, ನಾನು ಇವರನ್ನು ಹುಡುಕಿಕೊಂಡು ಬರಲು ಕಾರಣವಾದ ಸಂಗತಿ.

ಹೋದ ವರ್ಷ ಜಾಗ ಬಿಗಿಯಾಗಿತ್ತು. ತೀರಿಕೊಂಡವರ ಹಳೆಯ ದಾಖಲೆಗಳನ್ನು ತೆರವು ಮಾಡಲು ಆದೇಶ ಬಂತು. ಬಹಳ ದಿನದಿಂದ ಬದಲಾಗದೆ ಬಿದ್ದಿರುವ ಕಡತಗಳನ್ನು ಆರಿಸಿ ತೆಗೆಯುತ್ತಿದ್ದಾಗ ಒಂದು ಕಡತ ಮಾತ್ರ ಆ ಸಾಲಿಗೆ ಬೀಳಲಿಲ್ಲ. ಮೂರು ವರ್ಷದ ಹಿಂದೆ ಸತ್ತ ಹೆಂಗಸಿನದು. ಅದು ಅಂದು ಬೆಳಗ್ಗೆ ಬೆಳೆದಿತ್ತು. ಹಿಂದಿನ ಬೆಳಗ್ಗೆಯೂ ಬೆಳೆದಿತ್ತು.

ದಾಖಲೆ ವಿಭಾಗದ ಹಿರಿಯಾಕೆಯ ಒಪ್ಪಿಗೆ ಪಡೆದು, ಅವರನ್ನು ಪಕ್ಕದಲ್ಲೇ ಕೂರಿಸಿಕೊಂಡು ತೆರೆದರು. ಪರದೆಯ ಮೇಲೆ ಎದೆಬಡಿತದ ಗೆರೆ.

"ಹಿರಿಯಾಕೆ ಕುರ್ಚಿ ಹಿಂದಕ್ಕೆ ಸರಿಸಿಬಿಟ್ರು. 'ಮುಚ್ಚೇ, ಮುಚ್ಚು' ಅಂದ್ರು."

ಮೇಲಧಿಕಾರಿ ನಕ್ಕರು. ಏನೋ ಗೋಜಲಾಗಿದೆ, ಅಳಿಸಿಬಿಡಿ ಎಂದರು. ಗೋದಾಮಿನಕ್ಕ ಒಂದು ದಿನದ ಗಡುವು ಕೇಳಿಕೊಂಡರು. ಮರುದಿನ ಬೆಳಕು ಹರಿಯುವ ಮುಂಚೆಯೇ ಬಂದು ಆ ಕಡತದ ಮುಂದೆ ಕುಳಿತರು. ಮೊದಲು ಏನೂ ಇಲ್ಲ. ಆಮೇಲೆ ಗೆರೆ ತಾನಾಗಿ ಮೂಡತೊಡಗಿತು. ಒಂದು ಬಡಿತ. ಇನ್ನೊಂದು. ನಡುವೆ ಉದ್ದನೆಯ ಮೌನ. ಇನ್ನು ಬರುವುದಿಲ್ಲ ಎಂದುಕೊಳ್ಳುವಷ್ಟರಲ್ಲಿ ಮತ್ತೊಂದು.

"ನನ್ನ ಉಸಿರೂ ಅದರ ಜೊತೆ ನಿಂತು ನಿಂತು ಹೋಗ್ತಿತ್ತು. ಯಾರೋ ಕಷ್ಟದಲ್ಲಿದ್ದಾರೆ ಅನ್ನಿಸ್ತು. ಸತ್ತೋರೋ ಬದುಕಿರೋರೋ, ಕಷ್ಟದಲ್ಲಿರೋದಂತೂ ನಿಜ."

ಆ ಗೆರೆ ಯಾವ ಮಾನಿಟರಿನಿಂದ ಬರುತ್ತಿದೆಯೆಂದು ನೋಡಿದರು. ಹಳೆಯ ವಾರ್ಡಿನ ಕೊನೆಯ ಕೋಣೆ. ಆ ಹೆಂಗಸು ಸತ್ತ ಕೆಲವೇ ದಿನಕ್ಕೆ ಬೀಗ ಬಿದ್ದ ವಾರ್ಡು ಅದು.

ಹಿರಿಯಾಕೆ ಬರಲೊಪ್ಪಲಿಲ್ಲ. ಒಬ್ಬರೇ ಹೋದರು. ಮುಂಬಾಗಿಲಿನ ಬೀಗ ತೆಗೆದಿತ್ತು. ಒಂದರ ಮೇಲೊಂದು ಪೇರಿಸಿದ ಮಂಚಗಳು, ಸುತ್ತಿಟ್ಟ ಹಾಸಿಗೆಗಳು, ನೆಲದ ದೂಳಿನಲ್ಲಿ ಒಬ್ಬರದೇ ಹೆಜ್ಜೆಗುರುತುಗಳು. ಕೊನೆಯ ಕೋಣೆಯ ಬಾಗಿಲ ಸಂದಿಯಲ್ಲಿ ಹಸಿರು ಬೆಳಕು.

ಒಳಗೆ ಮಂಚದ ಮೇಲೆ ಆಸ್ಪತ್ರೆಯ ಗೇಟು ಕಾಯುವವರೊಬ್ಬರು ಮಲಗಿದ್ದರು. ಅಂಗಿಯ ಗುಂಡಿ ಬಿಚ್ಚಿ, ಎದೆಗೆ ಮಾನಿಟರಿನ ವೈರು ಅಂಟಿಸಿಕೊಂಡಿದ್ದರು. ಕಣ್ಣು ತೆರೆದೇ ಇತ್ತು.

"ಅಣ್ಣಾ, ಏನಿದು?"

"ತಪ್ಪಾಯ್ತಮ್ಮಾ," ಎಂದು ಎದ್ದು ಕೂತರಂತೆ. "ನಮ್ಮನೇವಳು ಇದೇ ಮಂಚದ ಮೇಲೆ ಹೋದದ್ದು. ಈ ಡಬ್ಬದ ಮೇಲೆ ಇನ್ನೂ ಅವಳ ಹೆಸರಿದೆ, ಯಾರೂ ತೆಗೆದಿಲ್ಲ. ಪಾಳಿ ಮುಗಿದ ಮೇಲೆ ಒಂದು ಗಳಿಗೆ ಹೀಗೆ ಮಲಗ್ತೀನಿ. ಅವಳ ಹೆಸರಿನ ಪಕ್ಕ ಗೆರೆ ಓಡುತ್ತಲ್ಲ, ನೋಡೋಕೆ ಒಂಥರಾ ಸಮಾಧಾನ."

ಗೋದಾಮಿನಕ್ಕ ಅವರನ್ನು ಗದರಲಿಲ್ಲ. ಕೈಹಿಡಿದು ಎಬ್ಬಿಸಿ ನೇರ ಹೃದಯದ ಡಾಕ್ಟರ ಬಳಿ ಕರೆದುಕೊಂಡು ಹೋದರು. ಗೆರೆ ನೋಡಿದ ಡಾಕ್ಟರು ಮನೆಗೆ ಹೋಗಲು ಬಿಡಲಿಲ್ಲ. ಹೃದಯ ಆಗಾಗ ಬಡಿಯುವುದನ್ನೇ ಮರೆಯುತ್ತಿತ್ತು. ಎದೆಯೊಳಗೆ ಪೇಸ್‌ಮೇಕರ್ ಕೂರಿಸಲು ಮರುದಿನಕ್ಕೇ ಗೊತ್ತುಮಾಡಿದರು. ಹಳೆಯ ಮಾನಿಟರನ್ನು ಪ್ಲಗ್ಗು ಕಿತ್ತು ರಿಪೇರಿ ಕೋಣೆಗೆ ಸಾಗಿಸಿದರು.

ಇಲ್ಲಿಯವರೆಗಿನದನ್ನು ಆಸ್ಪತ್ರೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಮುಂದಿನದನ್ನು ಗೋದಾಮಿನಕ್ಕ ನನಗೆ ಹೇಳಿದ್ದು ಎರಡನೇ ಭೇಟಿಯಲ್ಲಿ, ಅದೂ ಅರೆಮನಸ್ಸಿನಿಂದ.

ಶಸ್ತ್ರಚಿಕಿತ್ಸೆಯ ದಿನ ಅವರು ಕೆಳಗೆ ತಮ್ಮ ಕೆಲಸದಲ್ಲಿದ್ದರು. ಮೇಲಿನ ಕೋಣೆಯಲ್ಲಿ ಕಾವಲುಗಾರರಿಗೆ ಮಂಪರಿನ ಮದ್ದು ಕೊಟ್ಟ ಹೊತ್ತಿಗೆ ಅವರ ಹೆಂಡತಿಯ ಕಡತ ಬೆಳೆಯತೊಡಗಿತು. ತೆರೆದು ನೋಡಿದರೆ ಎದೆಬಡಿತ. ಈ ಸಲ ಎಡವುತ್ತಿರಲಿಲ್ಲ. ಒಂದೇ ಸಮ, ನಿಧಾನ, ನಿರಾತಂಕ. ಗೋದಾಮಿನಕ್ಕ ಫೋನೆತ್ತಿ ರಿಪೇರಿಯವರನ್ನು ಕೇಳಿದರು.

"ಆ ಹಳೇ ಮಾನಿಟರಿಗೆ ಕರೆಂಟ್ ಕೊಟ್ಟಿದೀರಾ?"

"ಎಲ್ಲಿಂದ ಕೊಡ್ಲಿ? ವೈರೇ ಕತ್ತರಿಸಿ ಇಟ್ಟಿದೀನಲ್ಲ. ಯಾಕಕ್ಕಾ?"

"ಏನಿಲ್ಲ" ಎಂದು ಫೋನಿಟ್ಟರು. ಕಾವಲುಗಾರರು ಕಣ್ಣು ಬಿಟ್ಟು ನೀರು ಕೇಳುವವರೆಗೂ ಗೆರೆ ಓಡುತ್ತಲೇ ಇತ್ತು. ಆಮೇಲೆ ನಿಂತಿತು. ಆಪರೇಷನ್ ಕೋಣೆಯ ಮಾನಿಟರೇ ತಪ್ಪು ಹೆಸರಿಗೆ ಬರೆದಿರಬೇಕು ಎಂದರು ಮೇಲಧಿಕಾರಿ. ಇರಬಹುದು. ಆದರೆ ಕಾವಲುಗಾರರ ಗೆರೆ ಅವರ ಸ್ವಂತ ಹೆಸರಿನಲ್ಲಿ, ಪೇಸ್‌ಮೇಕರ್ ಕೂರುವವರೆಗೂ ಎಡವುತ್ತ ಎಡವುತ್ತ ಸಾಗಿದ್ದು, ಬೇರೆಯೇ ಇದೆ. ಎರಡನ್ನೂ ನನಗೆ ಅಕ್ಕಪಕ್ಕ ಇಟ್ಟು ತೋರಿಸಿದರು.

ಗೇಟಿನಲ್ಲಿ ಈಗ ಹಗಲು ಪಾಳಿ ಮಾಡುವ ಕಾವಲುಗಾರರನ್ನು ಈ ಬಗ್ಗೆ ಕೇಳಿದೆ. ಅವರಿಗೆ ಆಶ್ಚರ್ಯವೇ ಇಲ್ಲ. "ನನಗೆ ಹುಷಾರಿಲ್ಲ ಅಂದ್ರೆ ಅವಳು ಯಾವತ್ತು ಪಕ್ಕ ಬಿಟ್ಟು ಹೋಗಿದ್ಲು?" ಎಂದವರು, ಆಗಷ್ಟೇ ಬಂದ ಕಾರೊಂದಕ್ಕೆ ಗೇಟು ತೆರೆಯಲು ಎದ್ದರು.

ಆ ಕಡತ ಅಳಿಸಿಲ್ಲ. ಕಾವಲುಗಾರರ ಚಿಕಿತ್ಸೆಯ ದಾಖಲೆಯೆಂದು ಉಳಿಸಿಕೊಳ್ಳಲು ಡಾಕ್ಟರೇ ಬರೆದುಕೊಟ್ಟಿದ್ದಾರೆ. ಆ ದಿನದ ನಂತರ ಅದು ಬೆಳೆದೂ ಇಲ್ಲ. ಆದರೂ ಬರುವ ವರ್ಷದ ಅಂದಾಜಿನಲ್ಲಿ ಗೋದಾಮಿನಕ್ಕ ಅದಕ್ಕೆಂದು ಒಂದಿಷ್ಟು ಜಾಗ ತೆಗೆದಿಟ್ಟಿದ್ದಾರೆ. ನಿಂತುಹೋದದ್ದಕ್ಕೆ ಜಾಗ ಯಾಕೆ ಎಂದು ಕೇಳಿದೆ.

ಸ್ವೆಟರಿನ ತೋಳು ಎಳೆದುಕೊಂಡು, ಮಿಟುಕುವ ಸಾಲುಗಳ ಕಡೆ ತಿರುಗಿದರು. "ಬರೋರು ಯಾರು, ಎಲ್ಲಿಂದ ಬರ್ತಾರೆ ಅಂತ ಕೇಳೋದು ನನ್ನ ಕೆಲಸ ಅಲ್ಲ. ಬಂದಾಗ ಜಾಗ ಇರ್ಬೇಕು, ಅಷ್ಟೇ."