ಸಬ್‌ಸ್ಟೇಷನ್ನಿನ ಹಿಂದಿನ ಹುಲ್ಲು

ಕೆ.ಆರ್. ನಗರದ ಹತ್ತಿರದ ಒಂದು ಕರೆಂಟ್ ಸಬ್‌ಸ್ಟೇಷನ್ನಿನ ಹಿಂದೆ ಖಾಲಿ ಜಾಗವಿದೆ. ಅಲ್ಲಿನ ಹುಲ್ಲು, ತುಂಬೆಗಿಡಗಳನ್ನು ಕೊಯ್ಯದೆ ಬಿಟ್ಟರೆ ಚಿಟ್ಟೆ, ಹಕ್ಕಿಗಳು ಬರುತ್ತವೆಂದು ಕಂಪನಿಯವರನ್ನು ಒಪ್ಪಿಸಿದ್ದು ನಾನೇ. ಹೋದ ವರ್ಷ ಮಳೆಗಾಲ ಮುಗಿದ ಮೇಲೆ, ಏನೇನು ಬಂದಿದೆ ನೋಡೋಣವೆಂದು ಫೋನ್ ಮಾಡಿ ಹೋದೆ.

ಜಾಗ ಬೋಳಾಗಿತ್ತು. ಬೇಲಿಯುದ್ದಕ್ಕೂ ಕಲ್ಲುಗಳಿಗೆ ಸುಣ್ಣ ಬಳಿದಿದ್ದರು. ವಾಚ್‌ಮನ್ ಸಿದ್ದೇಗೌಡರು ಎಳನೀರು ಹಿಡಿದು ನಿಂತಿದ್ದರು.

"ಹುಲ್ಲೆಲ್ಲಿ ಗೌಡ್ರೇ?"

"ನೀವು ಬತ್ತೀರಿ ಅಂದ್ರಲ್ಲ ಸಾರ್, ನೆನ್ನೆನೇ ಎಲ್ಲಾ ಕುಯ್ಸಿಬುಟ್ಟೆ."

"ನಾನು ಬಂದಿದ್ದೇ ಆ ಹುಲ್ಲು ನೋಡೋದಕ್ಕೆ."

ಅವರು ಒಮ್ಮೆ ನನ್ನನ್ನು, ಒಮ್ಮೆ ನೆಲವನ್ನು ನೋಡಿದರು. "ಕುಯ್ಬ್ಯಾಡಿ ಅಂದಿದ್ರಿ, ಸರಿ, ಇಷ್ಟು ದಿನ ಮುಟ್ಲಿಲ್ಲ. ಆದ್ರೆ ನೋಡಕ್ ಬರೋರ ಮುಂದೆ ಅಂಗೇ ಬುಡಕ್ಕಾಯ್ತದಾ?"

ಎಳನೀರು ಕುಡಿದೆ, ಚೆನ್ನಾಗಿತ್ತು.

ಈ ವರ್ಷ ಹೇಳದೆ ಹೋದೆ. ಹುಲ್ಲು ಎದೆಮಟ್ಟ ಬೆಳೆದಿತ್ತು, ಹಳದಿ ಚಿಟ್ಟೆಗಳೂ ಇದ್ದವು. ಗೇಟಿಗೆ ಮಾತ್ರ ಬೀಗ. ಗೌಡರಿಗೆ ಫೋನ್ ಮಾಡಬಹುದಿತ್ತು. ಆದರೆ ಬೀಗದ ಕೈ ಜೊತೆಗೆ ಕುಡುಗೋಲನ್ನೂ ತಂದಾರೆಂದು ಹೆದರಿ, ಬೇಲಿಯಾಚೆಯೇ ನಿಂತು ನೋಡಿಕೊಂಡು ಬಂದೆ.